ಗಿಡದ ಬಗ್ಗೆ ಬರೆದ ಪೇಪರ್ ಎಲ್ಲಿಗೆ ಕಳಿಸಬೇಕು? ದುಡ್ಡು ಯಾರ ಕೈಗೆ ಹೋಗುತ್ತದೆ?

ಕಾಸರಗೋಡು ಜಿಲ್ಲೆಗೆ ಈಗ ತನ್ನದೇ ಆದ ಒಂದು ಹೂವು ಉಂಟು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 2023ರಲ್ಲಿ ಜಿಲ್ಲೆಗೊಂದು ಮರ, ಒಂದು ಹೂವು, ಒಂದು ಹಕ್ಕಿ, ಒಂದು ಜೀವಿ ಎಂದು ಜಿಲ್ಲಾ ಪಂಚಾಯತ್ ಘೋಷಿಸಿತು. ಮರ ಕಾಸರಕ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಜೀವಿ ಅಂತ ಆರಿಸಿದ್ದು ಚಂದ್ರಗಿರಿ ಹೊಳೆಯಲ್ಲಿ ಇರುವ ಮೆದುಚಿಪ್ಪಿನ ದೊಡ್ಡ ಆಮೆಯನ್ನು. ಹೂವಿನ ಹೆಸರು ಮಾತ್ರ ಹೆಚ್ಚಿನವರು ಕೇಳಿರಲಿಕ್ಕಿಲ್ಲ: ಪೆರಿಯ ಪೋಳತ್ತಾಳಿ. ಪೆರಿಯ ಕಡೆಯ ಮುರಕಲ್ಲಿನ ಜಾಗದಲ್ಲಿ ಮಳೆಗಾಲದ ತೋಡುಗಳು ಹರಿಯುತ್ತವಲ್ಲ, ಅದರ ನೀರಿನಲ್ಲೇ ಬೆಳೆದು ಬಿಳಿ ಹೂ ಬಿಡುವ ಗಡ್ಡೆಯ ಗಿಡ ಅದು.

ತೋಡಿನ ಬದಿಯಲ್ಲಿ ಮನೆ ಇರುವವರಿಗೆ ಆ ಗಿಡ ಹೊಸತಾಗಿರಲಿಕ್ಕಿಲ್ಲ. ಆದರೆ ವಿಜ್ಞಾನದ ದಾಖಲೆಯಲ್ಲಿ ಅದು ಸೇರಿದ್ದು 2012ರಲ್ಲಿ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯದ ಲೇಖಕ್ ಮತ್ತು ಯಾದವ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞರು ಅದಕ್ಕೆ ಕ್ರೈನಮ್ ಮಲಬಾರಿಕಮ್ ಎಂದು ಹೆಸರಿಟ್ಟು, ಲಂಡನ್‌ನ ಕ್ಯೂ ಸಸ್ಯೋದ್ಯಾನದ ಜರ್ನಲ್ ಆದ ಕ್ಯೂ ಬುಲೆಟಿನ್‌ನಲ್ಲಿ ಕೆಲವೇ ಪುಟಗಳ ಒಂದು ಪೇಪರ್ ಪ್ರಕಟಿಸಿದರು. ಆ ಕೆಲವು ಪುಟಗಳಿಂದ ಮುಂದೆ ಎಷ್ಟೆಲ್ಲ ಆಯಿತು ನೋಡಿ. ಹೆಸರು ಸಿಕ್ಕಿದ ಮೇಲೆ ಬೇರೆಯವರು ಗಡ್ಡೆಯನ್ನು ಪರೀಕ್ಷೆ ಮಾಡಿದರು, ಮರೆವಿನ ಕಾಯಿಲೆಗೆ ಕೊಡುವ ಗ್ಯಾಲಂತಮೀನ್ ಎಂಬ ಔಷಧದ ಅಂಶ ಅದರಲ್ಲಿ ಉಂಟೆಂದು ಬರೆದರು. ಕೊನೆಗೆ ಜಿಲ್ಲೆಯ ಹೂವು ಎಂಬ ಪಟ್ಟವೂ ಬಂತು. ಹೆಸರೇ ಇಲ್ಲದ ಗಿಡಕ್ಕೆ ಇದ್ಯಾವುದೂ ಆಗುವುದಿಲ್ಲ. ಕೋರೆಗೆ ಜೆಸಿಬಿ ಬಂದಾಗ ಅದನ್ನು ಕೇಳುವವರೂ ಇರುವುದಿಲ್ಲ.

ಕೊಲ್ಹಾಪುರದವರು ಇಲ್ಲಿ ತನಕ ಬಂದು ಹುಡುಕಿದ್ದು ಅವರ ದೊಡ್ಡತನ. ಪಕ್ಕದ ಮನೆಯ ನಮ್ಮ ಮಕ್ಕಳೂ ಈಗ ಸಸ್ಯಶಾಸ್ತ್ರ ಓದುತ್ತಿದ್ದಾರೆ, ಪೇಪರ್ ಬರೆಯುತ್ತಿದ್ದಾರೆ. ಆ ಪೇಪರ್‌ಗಳು ಎಲ್ಲಿಗೆ ಹೋಗುತ್ತಿವೆ ಎಂಬುದೇ ನನ್ನ ವಿಷಯ.

ನಾನು ಓದಿದ್ದು ಬಿ.ಕಾಂ., ನಡೆಸುವುದು ಸಣ್ಣ ಸ್ಟೇಷನರಿ, ಜೆರಾಕ್ಸ್ ಅಂಗಡಿ. ಎಂ.ಎಸ್ಸಿ. ಮಕ್ಕಳ ಪ್ರಾಜೆಕ್ಟ್ ಬೈಂಡಿಂಗ್ ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ಬಾಟನಿಯವರು ಸುಮಾರು ಜನ, ಹೆಚ್ಚಿನವರು ನಮ್ಮ ಹೆಣ್ಣುಮಕ್ಕಳು. ಬೈಂಡಿಂಗ್ ಆಗುವ ತನಕ ಕಾಯುವಾಗ ಮೊಬೈಲ್ ತೋರಿಸಿ ಕೇಳುತ್ತಾರೆ, "ಇಚ್ಚಾ, ಈ ಜರ್ನಲ್‌ನವರು ಎರಡು ದಿನದಲ್ಲಿ ಪೇಪರ್ ಹಾಕ್ತಾರಂತೆ, ಸರ್ಟಿಫಿಕೇಟೂ ಕೊಡ್ತಾರಂತೆ. ಮೂರು ಸಾವಿರ ಗೂಗಲ್ ಪೇ ಮಾಡ್ಬೇಕಂತೆ. ಮಾಡ್ಬಹುದಾ?" ಇದರಲ್ಲಿ ವಿಜ್ಞಾನದ ಪ್ರಶ್ನೆ ಅರ್ಧ, ವ್ಯಾಪಾರದ ಪ್ರಶ್ನೆ ಇನ್ನರ್ಧ. ದುಡ್ಡು ಯಾರಿಗೆ, ಯಾತಕ್ಕೆ, ಬದಲಿಗೆ ಕೈಗೆ ಬರುವುದು ಎಂತ? ವ್ಯಾಪಾರದ ಅರ್ಧ ನನಗೆ ಅರ್ಥವಾಗುತ್ತದೆ. ವಿಜ್ಞಾನದ ಅರ್ಧವನ್ನು ಗೊತ್ತಿರುವ ಮೇಷ್ಟ್ರುಗಳಲ್ಲಿ ಕೇಳಿ, ಓದಿ ತಿಳಿದುಕೊಂಡಿದ್ದೇನೆ.

ಗಿಡ ಮೊದಲು, ಪೇಪರ್ ಆಮೇಲೆ

ಸಸ್ಯಶಾಸ್ತ್ರದ ಪೇಪರ್ ಹಲವು ಬಗೆ. ಪ್ರಯೋಗಾಲಯದ್ದು ಬೇರೆ, ಕೃಷಿಯದ್ದು ಬೇರೆ. ನಮ್ಮ ಊರಿನ ವಿದ್ಯಾರ್ಥಿಗಳಿಗೆ ಹತ್ತಿರವಾದದ್ದು ಗಿಡಗಳನ್ನು ಗುರುತಿಸಿ ದಾಖಲಿಸುವ ಕೆಲಸ. ಅದಕ್ಕೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಡ. ಕಾಲಿನಲ್ಲಿ ಶಕ್ತಿ, ಕಣ್ಣಿನಲ್ಲಿ ತಾಳ್ಮೆ, ಕಾಲೇಜಿನ ಒಂದು ಮೈಕ್ರೋಸ್ಕೋಪ್ ಸಾಕಾಗುತ್ತದೆ. ಜಾಗವಂತೂ ನಮ್ಮ ಮನೆಬಾಗಿಲಲ್ಲೇ ಉಂಟು. ಬೇಸಿಗೆಯಲ್ಲಿ ಕಾದ ಬಾಣಲೆಯಂತಿರುವ ಮುರಕಲ್ಲಿನ ಪದವುಗಳು ಮಳೆ ಬಿದ್ದ ಕೂಡಲೇ ಹೂವಿನ ಚಾಪೆಯಾಗುತ್ತವೆ. ಗುಂಡುಸೂಜಿಯ ತಲೆಯಷ್ಟು ಬಿಳಿ ಹೂವಿನ ಎರಿಯೋಕಾಲನ್, ಕೀಟ ಹಿಡಿಯುವ ನೀಲಿ ಹೂವಿನ ಯುಟ್ರಿಕುಲೇರಿಯಾ ಎಲ್ಲ ಅಲ್ಲಿಯವು. ಪಕ್ಕದ ಕಣ್ಣೂರು ಜಿಲ್ಲೆಯ ಮಾಡಾಯಿಪಾರ ಎಂಬ ಒಂದೇ ಗುಡ್ಡದಿಂದ ಹಲವು ಹೊಸ ಪ್ರಭೇದಗಳು ದಾಖಲಾಗಿವೆ. ಅದರಲ್ಲಿ ಒಂದರ ಹೆಸರೇ ಎರಿಯೋಕಾಲನ್ ಮಾಡಾಯಿಪಾರೆನ್ಸ್. ಗುಡ್ಡದ ಹೆಸರು ಗಿಡದ ಜೊತೆ ಲೋಕವೆಲ್ಲ ತಿರುಗುತ್ತದೆ.

ಎಲ್ಲರಿಗೂ ಹೊಸ ಪ್ರಭೇದ ಸಿಗುವುದಿಲ್ಲ, ಅದಕ್ಕೇ ಕಾಯುತ್ತಾ ಕೂರುವುದೂ ಬೇಡ. "ಈ ಗಿಡ ಇಷ್ಟರವರೆಗೆ ಈ ಜಿಲ್ಲೆಯಲ್ಲಿ ದಾಖಲಾಗಿರಲಿಲ್ಲ, ಈಗ ಸಿಕ್ಕಿದೆ" ಎಂಬ ಎರಡು ಪುಟದ ಟಿಪ್ಪಣಿಗೂ ಒಳ್ಳೆಯ ಜರ್ನಲ್‌ಗಳಲ್ಲಿ ಜಾಗ ಉಂಟು. ಒಂದು ಪದವಿನ, ಒಂದು ಕಾಡಿನ, ಒಂದು ಕೆರೆಯ ಗಿಡಗಳ ಪೂರ್ತಿ ಪಟ್ಟಿಗೂ ಉಂಟು. ಇಂಥ ಪಟ್ಟಿಯನ್ನು ಹೋಲಿಸಿ ನೋಡಲು ನಮ್ಮ ಪುಣ್ಯಕ್ಕೆ ಒಳ್ಳೆಯ ಪುಸ್ತಕವೂ ಇದೆ: ಉಡುಪಿಯ ಪ್ರಾಧ್ಯಾಪಕರಾಗಿದ್ದ ಕೆ. ಗೋಪಾಲಕೃಷ್ಣ ಭಟ್ಟರು ಬರೆದ 'ಫ್ಲೋರಾ ಆಫ್ ಉಡುಪಿ', 2003ರಲ್ಲಿ ಬಂದದ್ದು.

ಆದರೆ ಫೋಟೋ ತೆಗೆದರೆ ಸಾಲದು. ಗಿಡದ ಮಾದರಿಯನ್ನು ಹೂವು, ಕಾಯಿ ಸಮೇತ ತೆಗೆದು, ಪೇಪರ್ ಹಾಳೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಲೇಬಲ್ ಬರೆಯಬೇಕು. ಎಲ್ಲಿ ಸಿಕ್ಕಿತು, ಯಾವ ದಿನ, ಸಮುದ್ರಮಟ್ಟದಿಂದ ಎಷ್ಟು ಎತ್ತರ, ತೆಗೆದವರು ಯಾರು, ಅವರ ಸಂಗ್ರಹದ ಎಷ್ಟನೇ ನಂಬರ್. ಇದನ್ನು ಹರ್ಬೇರಿಯಂ ಎಂಬ ಸಸ್ಯಸಂಗ್ರಹಾಲಯದಲ್ಲಿ ಇಡುತ್ತಾರೆ. ನನ್ನ ಭಾಷೆಯಲ್ಲಿ ಹೇಳುವುದಾದರೆ ಅದು ಗೋಡೌನ್. ಪೇಪರ್ ಎಂಬುದು ಬಿಲ್ ಇದ್ದ ಹಾಗೆ. ಗೋಡೌನಿನಲ್ಲಿ ಸರಕು ಇಲ್ಲದೆ ಬಿಲ್ ಹರಿದರೆ ಅದಕ್ಕೆ ಎಂತ ಬೆಲೆ? ನೂರು ವರ್ಷದ ನಂತರ ಯಾರಾದರೂ ಸಂಶಯಪಟ್ಟರೆ ಹೋಗಿ ಆ ಹಾಳೆಯನ್ನೇ ತೆಗೆದು ನೋಡಬಹುದು. ನಮಗೆ ಹತ್ತಿರದ ದೊಡ್ಡ ಹರ್ಬೇರಿಯಂಗಳು ಕ್ಯಾಲಿಕಟ್ ವಿಶ್ವವಿದ್ಯಾನಿಲಯದಲ್ಲಿ, ಕೊಯಮತ್ತೂರಿನ ಬೊಟಾನಿಕಲ್ ಸರ್ವೆ ಆಫ್ ಇಂಡಿಯಾದ ದಕ್ಷಿಣ ಕೇಂದ್ರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇವೆ.

ಹೊಸ ಪ್ರಭೇದಕ್ಕೆ ಹೆಸರಿಡುವುದಾದರೆ ನಿಯಮ ಇನ್ನೂ ಬಿಗಿ. ಇದಕ್ಕೊಂದು ಅಂತಾರಾಷ್ಟ್ರೀಯ ನಿಯಮಾವಳಿ ಉಂಟು, ಆರು ವರ್ಷಕ್ಕೊಮ್ಮೆ ನಡೆಯುವ ಸಸ್ಯವಿಜ್ಞಾನ ಮಹಾಸಮ್ಮೇಳನದಲ್ಲಿ ಅದನ್ನು ತಿದ್ದುತ್ತಾರೆ. ಹೆಸರಿಗೆ ಆಧಾರವಾದ ಒಂದೇ ಒಂದು ಮಾದರಿಯನ್ನು ಹೋಲೋಟೈಪ್ ಎಂದು ಗುರುತಿಸಿ, ಅದು ಯಾವ ಹರ್ಬೇರಿಯಂನಲ್ಲಿದೆ ಎಂದು ಪೇಪರಿನಲ್ಲೇ ಬರೆಯಬೇಕು. ಅದಿಲ್ಲದಿದ್ದರೆ ಹೆಸರು ನಿಲ್ಲುವುದಿಲ್ಲ. ಮೊದಲೆಲ್ಲ ಗಿಡದ ವಿವರಣೆಯನ್ನು ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು. 2012ರ ಜನವರಿ 1ರಿಂದ ಇಂಗ್ಲಿಷ್ ಕೂಡಾ ಆಗುತ್ತದೆ. ಅದೇ ದಿನದಿಂದ ಮುದ್ರಣವಾಗದೆ ಆನ್‌ಲೈನ್ ಪಿಡಿಎಫ್ ಆಗಿ ಮಾತ್ರ ಬರುವ ಜರ್ನಲ್‌ಗಳಿಗೂ, ಐಎಸ್‌ಎಸ್‌ಎನ್ ನಂಬರ್ ಇದ್ದರೆ, ಮಾನ್ಯತೆ ಸಿಕ್ಕಿತು. ಒಳ್ಳೆಯ ಬದಲಾವಣೆಯೇ. ಆದರೆ ಬಾಗಿಲು ಅಗಲವಾದಾಗ ಒಳಗೆ ಬರುವವರೆಲ್ಲ ಒಳ್ಳೆಯವರೇ ಆಗಿರುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೀಸಲು ಅರಣ್ಯದಿಂದ ಗಿಡ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದ ಸಿಕ್ಕಿದರೆ ಸರಕಾರ ಗೊತ್ತುಮಾಡಿದ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು. "ಫಾರಿನ್ ಪ್ರೊಫೆಸರ್ ಕೇಳಿದ್ರು" ಅಂತ ಗಿಡವನ್ನು ಕೊರಿಯರ್ ಮಾಡುವ ಹಾಗಿಲ್ಲ, ಅದಕ್ಕೆ ಬೇರೆಯೇ ಕಾನೂನು ಉಂಟು. ಕಾಲೇಜಿನ ಗೈಡ್ ಮೂಲಕವೇ ಹೋಗಿ.

ದುಡ್ಡಿನ ಲೆಕ್ಕ

ಜರ್ನಲ್ ನಡೆಸಲಿಕ್ಕೆ ಖರ್ಚು ಇದ್ದೇ ಇದೆ. ಅದನ್ನು ಯಾರು ಕೊಡುತ್ತಾರೆ ಎಂಬುದರ ಮೇಲೆ ಜರ್ನಲ್‌ಗಳ ಜಾತಿ ಬೇರೆ ಬೇರೆ.

ಹಳೆಯ ಕ್ರಮದಲ್ಲಿ ಓದುಗ ಕೊಡುತ್ತಾನೆ. ಲೈಬ್ರರಿಗಳು ಚಂದಾ ಕಟ್ಟುತ್ತವೆ, ಬರೆದವರಿಗೆ ಖರ್ಚಿಲ್ಲ. ಕ್ಯೂ ಬುಲೆಟಿನ್, ನ್ಯೂಜಿಲೆಂಡ್‌ನಿಂದ ಬರುವ ಫೈಟೋಟ್ಯಾಕ್ಸಾ ಇವೆಲ್ಲ ಈ ಬಗೆ. "ನನ್ನ ಪೇಪರ್ ಎಲ್ಲರಿಗೂ ಉಚಿತವಾಗಿ ಓದಲು ಸಿಗಬೇಕು" ಎಂದು ಲೇಖಕರೇ ಆಸೆಪಟ್ಟರೆ ಮಾತ್ರ ಅಲ್ಲಿ ಹಣ ಕಟ್ಟಬೇಕಾಗುತ್ತದೆ. ಎರಡನೆಯದರಲ್ಲಿ ಸಂಘವೋ ಸರಕಾರವೋ ಖರ್ಚು ಹೊರುತ್ತದೆ. ಬೊಟಾನಿಕಲ್ ಸರ್ವೆ ಹೊರತರುವ ನೆಲಂಬೋ ಅಂಥದ್ದು. ನೆಲಂಬೋ ಅಂದರೆ ತಾವರೆ. ಕ್ಯಾಲಿಕಟ್ ವಿಶ್ವವಿದ್ಯಾನಿಲಯದಲ್ಲಿ ನೆಲೆಯಿರುವ ಸಸ್ಯವರ್ಗೀಕರಣ ತಜ್ಞರ ಸಂಘದ ಜರ್ನಲ್ ರೀಡಿಯಾ. 'ಹೊರ್ತುಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಗ್ರಂಥವನ್ನು 1678ರಿಂದ 1693ರ ಒಳಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮುದ್ರಿಸಿದ ಡಚ್ ಗವರ್ನರ್ ವಾನ್ ರೀಡ್‌ನ ಹೆಸರು ಅದಕ್ಕೆ. (ಹೆಸರು ಗವರ್ನರನದ್ದಾದರೂ ಒಳಗಿನ ತಿಳುವಳಿಕೆ ಇಟ್ಟಿ ಅಚ್ಯುತನ್ ವೈದ್ಯರದ್ದು, ಮೂವರು ಕೊಂಕಣಿ ಪಂಡಿತರದ್ದು. ಇದು ಮರೆಯಬಾರದ ವಿಷಯ.) ಕೊಯಮತ್ತೂರಿನಿಂದ ಬರುವ ಜರ್ನಲ್ ಆಫ್ ತ್ರೆಟೆಂಡ್ ಟ್ಯಾಕ್ಸಾ ಕೂಡಾ ಬರೆದವರಿಂದ ಪ್ರಕಟಣೆಯ ಶುಲ್ಕ ಕೇಳದೆ, ಓದುವವರಿಗೂ ಉಚಿತವಾಗಿ ಕೊಡುವ ಕ್ರಮದಲ್ಲಿ ಬೆಳೆದು ಬಂದದ್ದು.

ಮೂರನೆಯದರಲ್ಲಿ ಬರೆದವರೇ ಕೊಡುತ್ತಾರೆ. ಇದೇ ಓಪನ್ ಆಕ್ಸೆಸ್ ಜರ್ನಲ್‌ಗಳ ಲೇಖನ ಶುಲ್ಕ. ಶುಲ್ಕ ಕೇಳಿದ ಕೂಡಲೇ ಮೋಸ ಎಂದುಕೊಳ್ಳಬಾರದು. ಬಲ್ಗೇರಿಯಾದ ಸೋಫಿಯಾದಿಂದ ಬರುವ ಫೈಟೋಕೀಸ್ ಒಳ್ಳೆಯ ಹೆಸರಿರುವ ಸಸ್ಯಶಾಸ್ತ್ರ ಜರ್ನಲ್, ಅದು ಶುಲ್ಕ ಪಡೆಯುತ್ತದೆ, ದರವನ್ನು ಮೊದಲೇ ಬಹಿರಂಗವಾಗಿ ಹಾಕುತ್ತದೆ. ಪೇಪರ್ ತಿರಸ್ಕಾರವಾದರೆ ಇಂಥಲ್ಲಿ ಪ್ರಕಟಣೆಯ ಶುಲ್ಕದ ಪ್ರಶ್ನೆಯೇ ಬರುವುದಿಲ್ಲ. ಗೆರೆ ಇರುವುದು ಇಲ್ಲೇ. ಒಳ್ಳೆಯ ಜರ್ನಲ್ ಮೊದಲು ಸರಕು ನೋಡುತ್ತದೆ, ಆಮೇಲೆ ಬಿಲ್ ಕೊಡುತ್ತದೆ. ಕೆಟ್ಟದ್ದಕ್ಕೆ ಸರಕು ನೋಡುವ ಪುರುಸೊತ್ತೇ ಇಲ್ಲ, ಅದು ನೋಡುವುದು ಪೇಮೆಂಟಿನ ಸ್ಕ್ರೀನ್‌ಶಾಟ್.

ಇದನ್ನು 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಪರೀಕ್ಷೆ ಮಾಡಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ. ನಾವು ಬಿರಿಯಾನಿ ಮಸಾಲೆಗೆ ಹಾಕುವ ಕಲ್ಲುಹೂ ಇದೆಯಲ್ಲ, ಆ ಕುಲದ್ದೊಂದರಿಂದ ತೆಗೆದ ರಾಸಾಯನಿಕ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು ಒಂದು ಸುಳ್ಳು ಪೇಪರ್ ತಯಾರಿಸಿದ. ವಿಷಯ ತಿಳಿದ ಯಾರು ನೋಡಿದರೂ ಹಿಡಿಯಬಹುದಾದ ತಪ್ಪುಗಳನ್ನು ಬೇಕೆಂದೇ ಸೇರಿಸಿದ. 304 ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದ. 157 ಒಪ್ಪಿಕೊಂಡವು, 98 ತಿರಸ್ಕರಿಸಿದವು. ಒಪ್ಪಿಕೊಂಡವುಗಳಲ್ಲಿ ನಮ್ಮ ದೇಶದಿಂದ ನಡೆಯುವ ಜರ್ನಲ್‌ಗಳ ಪಾಲು ದೊಡ್ಡದಿತ್ತು. ಓದಿದಾಗ ನನಗೆ ನಾಚಿಕೆಯಾಯಿತು.

ಒಂದು ಹೂವಿನ ಹೆಸರನ್ನೇ ಕದ್ದವರು

ಇದಕ್ಕಿಂತ ದೊಡ್ಡ ಕತೆ ಇನ್ನೊಂದುಂಟು, ಅದು ಸಸ್ಯಶಾಸ್ತ್ರದ್ದೇ. ಆಸ್ಟ್ರಿಯಾ ದೇಶದ ಕ್ಯಾರಿಂಥಿಯಾ ಎಂಬ ಗುಡ್ಡಗಾಡು ಪ್ರಾಂತ್ಯದಲ್ಲಿ ವುಲ್ಫೇನಿಯಾ ಎಂಬ ನೀಲಿ ಹೂವಿನ ಗಿಡ ಉಂಟು. 1779ರಲ್ಲಿ ವುಲ್ಫೆನ್ ಎಂಬ ಸಸ್ಯಶಾಸ್ತ್ರಿ ಅದನ್ನು ಅಲ್ಲಿನ ಬೆಟ್ಟದಲ್ಲಿ ಕಂಡ, ಗಿಡಕ್ಕೆ ಅವನದೇ ಹೆಸರು ಬಂತು. ನಮಗೆ ಪೋಳತ್ತಾಳಿ ಇದ್ದಂತೆ ಅವರಿಗೆ ಅದು ಊರಿನ ಹೆಮ್ಮೆ. ಆ ಪ್ರಾಂತ್ಯದ ಮ್ಯೂಸಿಯಂ ಕ್ಲಾಗೆನ್‌ಫರ್ಟ್ ನಗರದಿಂದ ವುಲ್ಫೇನಿಯಾ ಹೆಸರಲ್ಲೇ ಒಂದು ಸಣ್ಣ, ಮರ್ಯಾದೆಯ ಸಸ್ಯಶಾಸ್ತ್ರ ಜರ್ನಲ್ ತರುತ್ತಿತ್ತು. ಕಾಗದದಲ್ಲಿ ಮುದ್ರಣ, ಆನ್‌ಲೈನ್ ಅಬ್ಬರ ಇಲ್ಲ.

ಅದನ್ನೇ ಕಳ್ಳರು ಗಮನಿಸಿದರು. ಅದೇ ಹೆಸರು, ಅದೇ ಐಎಸ್‌ಎಸ್‌ಎನ್ ನಂಬರ್ ಹಾಕಿ ನಕಲಿ ವೆಬ್‌ಸೈಟ್ ಕಟ್ಟಿದರು. ಅಸಲಿ ಜರ್ನಲ್‌ಗೆ ಇದ್ದ ಇಂಪ್ಯಾಕ್ಟ್ ಫ್ಯಾಕ್ಟರ್ ತೋರಿಸಿ ಲೋಕದ ಎಲ್ಲ ಕಡೆಯಿಂದ ಪೇಪರ್ ಕರೆದರು. ಗಿಡಕ್ಕೂ ಸಸ್ಯಕ್ಕೂ ಸಂಬಂಧವೇ ಇಲ್ಲದ ಪೇಪರ್‌ಗಳೂ ಹೋಗಿ ಸೇರಿದವು. 2013ರಲ್ಲಿ 'ನೇಚರ್' ಪತ್ರಿಕೆ ಇದನ್ನು ಬಯಲು ಮಾಡಿದಾಗ ಗೊತ್ತಾಯಿತು, ಆಸ್ಟ್ರಿಯಾದ ಜರ್ನಲ್ ಹೆಸರಲ್ಲಿ ಕಟ್ಟುತ್ತಿದ್ದ ಶುಲ್ಕ ಹೋಗುತ್ತಿದ್ದದ್ದು ಆರ್ಮೇನಿಯಾದ ಯೆರೆವಾನ್ ನಗರದ ಬ್ಯಾಂಕುಗಳಿಗೆ! ಹಣ ಕಟ್ಟಿದ ಸಂಶೋಧಕರ ಕೆಲಸ ಅಸಲಿ ಜರ್ನಲ್‌ನಲ್ಲಿ ಇಲ್ಲ. ನಕಲಿಯಲ್ಲಿ ಬಂದದ್ದಕ್ಕೆ ಬೆಲೆ ಇಲ್ಲ. ಒಮ್ಮೆ "ಪ್ರಕಟವಾಗಿದೆ" ಎಂದಾದ ಮೇಲೆ ಅದೇ ಪೇಪರನ್ನು ಬೇರೆ ಕಡೆಗೆ ಕಳಿಸುವುದೂ ಕಷ್ಟ.

ಅಂಗಡಿ ಇಟ್ಟವರಿಗೆ ಇದು ಹೊಸ ವಿದ್ಯೆಯಲ್ಲ. ಹೆಸರಿರುವ ಕಂಪೆನಿಯ ಪೆನ್ನು, ಅದೇ ಪೆಟ್ಟಿಗೆ, ಅದೇ ಬಣ್ಣ, ಒಳಗೆ ಡೂಪ್ಲಿಕೇಟ್. ಎಷ್ಟು ಸಲ ಲೈನ್ ಸೇಲ್‌ನವರು ತಂದು ತೋರಿಸಿಲ್ಲ! ನಾವು ಎಂತ ಮಾಡುತ್ತೇವೆ? ಕಂಪೆನಿಯ ಡಿಸ್ಟ್ರಿಬ್ಯೂಟರ್‌ಗೆ ನೇರ ಫೋನ್ ಮಾಡಿ ಕೇಳುತ್ತೇವೆ. ಇಲ್ಲಿಯೂ ಅಷ್ಟೇ. ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಜರ್ನಲ್ ಯಾವ ಸಂಘದ್ದು, ಯಾವ ಮ್ಯೂಸಿಯಂನದ್ದು, ಯಾವ ವಿಶ್ವವಿದ್ಯಾನಿಲಯದ್ದು ಎಂದು ನೋಡಿ, ಆ ಸಂಸ್ಥೆಯ ಸ್ವಂತ ವೆಬ್‌ಸೈಟಿನಿಂದ ಒಳಗೆ ಹೋಗಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬ ಪ್ರಾಧ್ಯಾಪಕರ ಕಾಲೇಜಿನ ಪುಟ ತೆರೆದು ನೋಡಿ, ಅವರು ಈ ಜರ್ನಲ್‌ನ ಹೆಸರು ಹೇಳಿದ್ದಾರಾ? ಅವರಿಗೇ ಮೇಲ್ ಹಾಕಿ ಕೇಳಿದರೂ ತಪ್ಪೇನಿಲ್ಲ. ಅವರಿಗೇ ಗೊತ್ತಿಲ್ಲದೆ ಅವರ ಫೋಟೋ ಹಾಕಿಕೊಂಡ ಜರ್ನಲ್‌ಗಳು ಇರುತ್ತವೆ. ಹೀಗೆ ಅಪಹರಣವಾದ ಜರ್ನಲ್‌ಗಳ ಪಟ್ಟಿಯೊಂದನ್ನು ರಿಟ್ರಾಕ್ಷನ್ ವಾಚ್ ಎಂಬ ಸಂಸ್ಥೆ 2022ರಿಂದ ಉಚಿತವಾಗಿ ಇಟ್ಟಿದೆ. ಒಳ್ಳೆಯ ಓಪನ್ ಆಕ್ಸೆಸ್ ಜರ್ನಲ್‌ಗಳ ಪಟ್ಟಿ ಡಿಒಎಜೆ, 2003ರಿಂದ ಇದೆ. ಎರಡನ್ನೂ ನೋಡಲು ಹತ್ತು ನಿಮಿಷ ಸಾಕು.

"ಐಎಸ್‌ಎಸ್‌ಎನ್ ನಂಬರ್ ಇದೆಯಲ್ಲ ಇಚ್ಚಾ" ಎಂದು ಒಬ್ಬಳು ಹೇಳಿದಳು. ಐಎಸ್‌ಎಸ್‌ಎನ್ ಎಂದರೆ ಎಂಟು ಅಂಕಿಯ ಗುರುತಿನ ನಂಬರ್. ನಮ್ಮ ದೇಶದಲ್ಲಿ ದಿಲ್ಲಿಯ ಒಂದು ಸರಕಾರಿ ಕೇಂದ್ರ ಅದನ್ನು ಕೊಡುತ್ತದೆ, ಹಣವಿಲ್ಲದೆ. ಅದು ನನ್ನ ಅಂಗಡಿಯ ಪಂಚಾಯತ್ ಲೈಸೆನ್ಸ್ ಇದ್ದ ಹಾಗೆ. ಅಂಗಡಿ ಉಂಟು ಎಂದು ಮಾತ್ರ ಅದು ಹೇಳುತ್ತದೆ, ಒಳಗಿನ ಪುಸ್ತಕದ ಹಾಳೆ ದಪ್ಪವೋ ತೆಳುವೋ ಎಂದು ಹೇಳುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಕತೆಯೂ ಹಾಗೆ. ಅಸಲಿಯಾದದ್ದನ್ನು ಲೆಕ್ಕ ಹಾಕುವುದು ಕ್ಲಾರಿವೇಟ್ ಎಂಬ ಕಂಪೆನಿ. ಅದೇ ಧಾಟಿಯ ಬೇರೆ ಹೆಸರುಗಳನ್ನು ಕಟ್ಟಿಕೊಂಡು ಎಂಟು, ಒಂಬತ್ತು ಎಂದು ಅಂಕಿ ಹಂಚುವವರು ಬೇಕಾದಷ್ಟು. ಸಸ್ಯವರ್ಗೀಕರಣದ ಒಳ್ಳೆಯ ಜರ್ನಲ್‌ಗಳಲ್ಲಿ ಹಲವಕ್ಕೆ ಈ ಅಂಕಿ ಒಂದರ ಆಸುಪಾಸಿನಲ್ಲೇ ಇರುತ್ತದೆ. ಊರಿನ ಗಿಡಗಳ ಬಗ್ಗೆ ಬರೆಯುವ ಜರ್ನಲ್ ಒಂಬತ್ತು ಎಂದು ತೋರಿಸಿದರೆ ಅಲ್ಲೇ ಎದ್ದು ಬನ್ನಿ.

ಮೊದಲು ಯುಜಿಸಿ ಒಂದು ಪಟ್ಟಿ ಇಟ್ಟಿತ್ತು. 2018ರ ಮೇ ತಿಂಗಳಲ್ಲಿ ಅದರಿಂದ 4,305 ಜರ್ನಲ್‌ಗಳನ್ನು ಒಮ್ಮೆಗೇ ಕಿತ್ತು ಹಾಕಿತು. ನಂತರ ಕೇರ್ ಎಂಬ ಹೊಸ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿರುವುದಾಗಿ ಹೇಳಿ, ಜರ್ನಲ್ ಆರಿಸುವ ಜವಾಬ್ದಾರಿಯನ್ನು ವಿದ್ಯಾಸಂಸ್ಥೆಗಳಿಗೇ ಬಿಟ್ಟಿತು. ಈಗಲೂ "ಯುಜಿಸಿ ಅಪ್ರೂವ್ಡ್" ಎಂದು ದೊಡ್ಡದಾಗಿ ಬರೆದುಕೊಂಡು ಮೆಸೇಜ್ ಕಳಿಸುವವರಲ್ಲಿ, ಯಾವ ಅಪ್ರೂವಲ್ ಎಂದು ಕೇಳಿ. ಪಿಎಚ್‌ಡಿಯವರಿಗೆ ಇನ್ನೊಂದು ವಿಷಯ: ಥೀಸಿಸ್ ಕೊಡುವ ಮೊದಲು ಪೇಪರ್ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಗಳಲ್ಲಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾನಿಲಯದ ಸ್ವಂತ ನಿಯಮ ಏನೆಂದು ವಿಚಾರಿಸಿ, ಗಡಿಬಿಡಿಯಲ್ಲಿ ಯಾರದ್ದೋ ಕೈಗೆ ದುಡ್ಡು ಇಡಬೇಡಿ. ಗಲ್ಫಿನಲ್ಲಿ ಬಿಸಿಲಿಗೆ ನಿಂತು ಉಪ್ಪ ಕಳಿಸಿದ ಮೂರು ಸಾವಿರ ಅದು.

ಕಳಿಸುವ ಕೆಲಸ

ಪತ್ರಿಕೆಗೆ ಲೇಖನ ಕಳಿಸಿದ ಹಾಗೆ ಹತ್ತು ಕಡೆಗೆ ಒಟ್ಟಿಗೆ ಕಳಿಸುವಂತಿಲ್ಲ. ಒಂದು ಸಲಕ್ಕೆ ಒಂದೇ ಜರ್ನಲ್. ಇದು ಎಲ್ಲ ಕಡೆ ಇರುವ ಕಟ್ಟುನಿಟ್ಟಿನ ನಿಯಮ.

ಪ್ರತಿ ಜರ್ನಲ್‌ಗೂ ಲೇಖಕರಿಗೆ ಸೂಚನೆ ಎಂಬ ಪುಟ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು ಎದುರಿಗೆ ಇಟ್ಟುಕೊಳ್ಳಿ (ನಮ್ಮ ಅಂಗಡಿಗೆ ವ್ಯಾಪಾರವಾಗಲಿ ಅಂತ ಹೇಳುವುದಲ್ಲ). ಹಿಂದಿನವರ ಪೇಪರ್‌ಗಳನ್ನು ಉಲ್ಲೇಖಿಸುವ ಕ್ರಮ, ಗಿಡದ ಹೆಸರನ್ನು ಓರೆ ಅಕ್ಷರದಲ್ಲಿ ಹಾಕಿ ಮುಂದೆ ಹೆಸರಿಟ್ಟವರ ಹೆಸರು ಬರೆಯುವ ಕ್ರಮ, ಎಲೆ ಹೂವಿನ ಅಳತೆ ಬರೆಯುವ ಕ್ರಮ ಎಲ್ಲ ಒಂದೊಂದು ಕಡೆ ಒಂದೊಂದು ಥರ. ಫೋಟೋ ಸಾಮಾನ್ಯವಾಗಿ 300 ಡಿಪಿಐ ಕೇಳುತ್ತಾರೆ, ರೇಖಾಚಿತ್ರಕ್ಕೆ ಇನ್ನೂ ಹೆಚ್ಚು. ವಾಟ್ಸಪ್‌ನಲ್ಲಿ ಬಂದ ಫೋಟೋ ಹಾಕಿದರೆ ಆಗುವುದಿಲ್ಲ, ಅದು ಕಳಿಸುವಾಗಲೇ ಕುಗ್ಗಿರುತ್ತದೆ. ಚಿತ್ರದೊಳಗೆ ಅಳತೆಯ ಗೆರೆ ಇರಲೇಬೇಕು. ಅದಿಲ್ಲದೆ ಆ ಹೂವು ಸಾಸಿವೆಯಷ್ಟೋ ತೆಂಗಿನಕಾಯಿಯಷ್ಟೋ ನೋಡುವವನಿಗೆ ಹೇಗೆ ತಿಳಿಯಬೇಕು?

ಪೇಪರಿನ ಜೊತೆ ಸಂಪಾದಕರಿಗೆ ಒಂದು ಸಣ್ಣ ಪತ್ರ. ಇದರಲ್ಲಿ ಹೊಸತೇನು, ಬೇರೆಲ್ಲೂ ಕಳಿಸಿಲ್ಲ, ಎಲ್ಲ ಲೇಖಕರೂ ಒಪ್ಪಿದ್ದಾರೆ, ಇಷ್ಟು ಸಾಕು. ಲೇಖಕರ ಹೆಸರಿನ ವಿಷಯದಲ್ಲಿ ನಮ್ಮ ಮಕ್ಕಳು ಸ್ವಲ್ಪ ಗಟ್ಟಿಯಾಗಿರಬೇಕು. ಗುಡ್ಡ ಹತ್ತಿದವಳು, ಗಿಡ ಒಣಗಿಸಿದವಳು, ಮೈಕ್ರೋಸ್ಕೋಪಿನಲ್ಲಿ ಕಣ್ಣು ಕೆಡಿಸಿಕೊಂಡವಳು ಅವಳು. ಕಳಿಸುವ ಮೊದಲೇ ಯಾರ ಹೆಸರು ಎಲ್ಲಿ ಎಂದು ಗೈಡ್ ಹತ್ತಿರ ಮರ್ಯಾದೆಯಿಂದ ಕೇಳಿ ತೀರ್ಮಾನ ಮಾಡಿಕೊಳ್ಳಬೇಕು. ಹೆಸರು ಎಲ್ಲ ಕಡೆ ಒಂದೇ ಥರ ಇರಲಿ. ನಮ್ಮಲ್ಲಿ ಆಧಾರಿನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಮದುವೆಯಾದ ಮೇಲೆ ಇನ್ನೊಂದು ಆಗುತ್ತದೆ. ಒಂದೇ ಕಾಲೇಜಿನಲ್ಲಿ ನಾಲ್ಕು ಮಂದಿ ಫಾತಿಮಾ ಇರುವಾಗ ಯಾರ ಪೇಪರ್ ಯಾರದ್ದು? ಇದಕ್ಕಾಗಿಯೇ ಆರ್ಕಿಡ್ ಎಂಬ 16 ಅಂಕಿಯ ನಂಬರ್ ಉಂಟು. ಉಚಿತ. ಹೂವಿಗೂ ಅದಕ್ಕೂ ಸಂಬಂಧವಿಲ್ಲ, ಹೆಸರು ಹಾಗೆ ಕೇಳುತ್ತದೆ ಅಷ್ಟೇ.

ಕಳಿಸಿದ ಮೇಲೆ ಕಾಯುವುದು. ಮೊದಲು ಸಂಪಾದಕರು ನೋಡುತ್ತಾರೆ. ತಮ್ಮ ಜರ್ನಲ್‌ಗೆ ಹೊಂದುವುದಿಲ್ಲ ಎಂದಾದರೆ ಅಲ್ಲೇ ವಾಪಸ್. ಹೊಂದಿದರೆ ಆ ಜಾತಿಯ ಗಿಡದಲ್ಲಿ ಪಳಗಿದ ಇಬ್ಬರಿಗೋ ಮೂವರಿಗೋ ಕಳಿಸುತ್ತಾರೆ. ಅವರೇ ವಿಮರ್ಶಕರು. ಅವರಿಗೆ ಸಾಮಾನ್ಯವಾಗಿ ಸಂಬಳವಿಲ್ಲ, ತಮ್ಮ ಪಾಠ ಪರೀಕ್ಷೆಗಳ ನಡುವೆ ಸಮಯ ಮಾಡಿ ಓದುವವರು. ತಿಂಗಳುಗಟ್ಟಲೆ ಹಿಡಿಯುತ್ತದೆ. 48 ಗಂಟೆಯಲ್ಲಿ "ಅಭಿನಂದನೆ, ಆಯ್ಕೆಯಾಗಿದೆ" ಎಂದು ಬಂದರೆ ಅದನ್ನು ಯಾರೂ ಓದಿಲ್ಲ ಎಂದೇ ಅರ್ಥ.

ವಿಮರ್ಶಕರ ಪತ್ರ ಬಂದಾಗ ಹೆಚ್ಚಿನ ಮಕ್ಕಳು ಕುಗ್ಗಿಹೋಗುತ್ತಾರೆ. "ಬೀಜದ ಮೇಲ್ಮೈಯ ಚಿತ್ರ ಎಲ್ಲಿ? ಹತ್ತಿರದ ಆ ಇನ್ನೊಂದು ಪ್ರಭೇದಕ್ಕಿಂತ ಇದು ಹೇಗೆ ಬೇರೆ? ಇಂಗ್ಲಿಷ್ ಸರಿಮಾಡಿ" ಎಂದೆಲ್ಲ ಇರುತ್ತದೆ. ಇದು ಬೈಗುಳವಲ್ಲ. ಎರಿಯೋಕಾಲನ್‌ನಂಥ ಗಿಡಗಳಲ್ಲಿ ಬೀಜದ ಮೇಲಿನ ಗೆರೆ, ಹೂವಿನೊಳಗಿನ ರೋಮ ನೋಡದೆ ಪ್ರಭೇದ ಹೇಳಲು ಆಗುವುದೇ ಇಲ್ಲ, ಅದಕ್ಕೆ ಕೇಳುತ್ತಾರೆ. ಉತ್ತರ ಬರೆಯುವ ಕ್ರಮವೂ ಉಂಟು. ಅವರ ಒಂದೊಂದು ಮಾತನ್ನೂ ನಕಲು ಮಾಡಿ, ಅದರ ಕೆಳಗೆ ನಾವು ಮಾಡಿದ ತಿದ್ದುಪಡಿ, ಎಷ್ಟನೇ ಪುಟದ ಎಷ್ಟನೇ ಸಾಲು ಎಂದು ಬರೆಯುವುದು. ಒಪ್ಪಿಗೆಯಾಗದ ಮಾತಿದ್ದರೆ ಯಾಕೆ ಎಂದು ಆಧಾರ ಕೊಟ್ಟು ಹೇಳಬಹುದು. ತಿರಸ್ಕಾರವಾದರೂ ಆ ಪತ್ರ ಇಟ್ಟುಕೊಳ್ಳಿ, ತಿದ್ದಿ ಬೇರೆ ಜರ್ನಲ್‌ಗೆ ಕಳಿಸಿ. ತಿಳಿದವರು ಕುಳಿತು ಓದಿ ತಪ್ಪು ತೋರಿಸಿದ್ದಾರೆ, ಅದೂ ಬಿಟ್ಟಿಯಾಗಿ. ಮೂರು ಸಾವಿರ ಕೊಟ್ಟಲ್ಲಿ ಇದು ಸಿಗುವುದಿಲ್ಲ.

ಅಜ್ಜಿಯ ಮದ್ದು

ಇನ್ನೊಂದು ಬಗೆಯ ಪೇಪರ್ ನಮ್ಮ ಮಕ್ಕಳು ಬಹಳ ಬರೆಯುತ್ತಾರೆ: ಊರಿನ ಔಷಧಿ ಗಿಡಗಳದ್ದು. ಹೆರಿಗೆಯಾದವರಿಗೆ ಕೊಡುವ ಕಷಾಯ, ಮಕ್ಕಳ ಹೊಟ್ಟೆನೋವಿನ ಸೊಪ್ಪು, ಪೆಟ್ಟಾದಲ್ಲಿ ಕಟ್ಟುವ ಎಲೆ ಇವೆಲ್ಲ ನಮ್ಮ ಹಳಬರ ಬಾಯಲ್ಲೇ ಇರುವುದು. ಬ್ಯಾರಿ ಭಾಷೆಯಲ್ಲಿ ಅದಕ್ಕೆಲ್ಲ ಹೆಸರುಗಳೂ ಉಂಟು, ಕೆಲವು ತುಳುವಿಗೆ ಹತ್ತಿರ, ಕೆಲವು ಮಲಯಾಳಕ್ಕೆ. ಇದನ್ನು ಬರೆದಿಡಬೇಕಾದ್ದೇ. ಆದರೆ ಅಜ್ಜಿಯ ಹತ್ತಿರ ಕೂತು ಕೇಳಿ ಬರೆದುಕೊಳ್ಳುವ ಮೊದಲು, ಇದನ್ನು ಎಲ್ಲಿ ಹಾಕುತ್ತೇನೆ ಎಂದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಒಳ್ಳೆಯ ಜರ್ನಲ್‌ಗಳು ಆ ಒಪ್ಪಿಗೆಯ ವಿಷಯ ಕೇಳಿಯೇ ಕೇಳುತ್ತವೆ. ಅಜ್ಜಿ "ಇದನ್ನು ಬರೆಯಬೇಡ" ಎಂದದ್ದನ್ನು ಬಿಡಬೇಕು. ಇಲ್ಲಿಯೂ ಪ್ರತಿ ಗಿಡದ ಮಾದರಿ ಹರ್ಬೇರಿಯಂನಲ್ಲಿರಬೇಕು. ಯಾಕೆಂದರೆ ಒಂದೇ ಹೆಸರಲ್ಲಿ ಮಂಜೇಶ್ವರದಲ್ಲಿ ಒಂದು ಗಿಡ, ಬಂಟ್ವಾಳದಲ್ಲಿ ಇನ್ನೊಂದು ಗಿಡ ಇರುವುದುಂಟು. ಮದ್ದಿನ ವಿಷಯದಲ್ಲಿ ಗಿಡ ಬದಲಾದರೆ ಜೀವಕ್ಕೇ ಅಪಾಯ. ನಮ್ಮ ಜಿಲ್ಲೆಯ ಮರ ಕಾಸರಕದ ಬೀಜವೇ ಔಷಧಿಯೂ ಹೌದು, ಕಡು ವಿಷವೂ ಹೌದು.

ಪೇಪರ್ ಒಪ್ಪಿಗೆಯಾದ ಮೇಲೆ ಅಚ್ಚಿಗೆ ಹೋಗುವ ಮೊದಲಿನ ಪ್ರೂಫ್ ಬರುತ್ತದೆ, ಎರಡು ಮೂರು ದಿನದಲ್ಲಿ ತಿದ್ದಿ ಕಳಿಸಬೇಕು. ಊರುಗಳ ಹೆಸರನ್ನು ಆಗ ಒಂದೊಂದಾಗಿ ನೋಡಿ, ಹೊರಗಿನವರು ಕುಂಬಳೆಯನ್ನು ಏನೇನೋ ಮಾಡಿರುತ್ತಾರೆ. ಪ್ರಕಟವಾದ ಮೇಲೆ ಒಂದು ಪ್ರತಿ ಹರ್ಬೇರಿಯಂಗೆ, ಇನ್ನೊಂದು ನಿಮ್ಮ ಪಂಚಾಯತ್‌ಗೆ ಕೊಡಿ. ಪಂಚಾಯತ್‌ನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂಬುದೊಂದು ಕಾಯ್ದೆಯ ಪ್ರಕಾರವೇ ಇದೆ, ಊರಿನ ಗಿಡ ಪ್ರಾಣಿಗಳ ದಾಖಲೆ ಪುಸ್ತಕ ಇಡುವುದು ಅದರ ಕೆಲಸ. ಪದವಿನ ಮೇಲೆ ಕಲ್ಲಿನ ಕೋರೆಗೆ ಯಾರಾದರೂ ಅರ್ಜಿ ಹಾಕಿದ ದಿನ ಆ ಪುಸ್ತಕದಲ್ಲಿ ನಿಮ್ಮ ಗಿಡದ ಹೆಸರು, ಜರ್ನಲ್‌ನ ಹೆಸರು, ಹರ್ಬೇರಿಯಂ ಹಾಳೆಯ ನಂಬರ್ ಇದ್ದರೆ ಎದ್ದು ನಿಂತು ಓದಿ ಹೇಳಬಹುದು.